ಗಣಪಿ ಕಟ್ಟಿಗೆ

ಗಣಪಿಯ ಬಾಯಲ್ಲಿ ಕಟ್ಟಿಗೆ ಎಂಬ ಮಾತು ಒಂಟಿಯಾಗಿ ಬಂದದ್ದನ್ನು ನಾನು ಕೇಳಲೇ ಇಲ್ಲ. ಕಚೇರಿಯ ಕಾಗದದಲ್ಲಿ ಅದು ಜಳಾವು, ಘಟ್ಟದ ಮೇಲಿನವರಿಗೆ ಸೌದೆ, ಶಿರಾಲಿಯ ನಮಗೆಲ್ಲ ಬರಿಯ ಕಟ್ಟಿಗೆ. ಅವಳಿಗೆ ಮಾತ್ರ ಹಾಲು ಕಾಸುವುದಕ್ಕೊಂದು, ಭತ್ತ ಬೇಯಿಸುವುದಕ್ಕೊಂದು, ಬಾಣಂತಿಯ ನೀರಿಗೊಂದು, ಹೆಣಕ್ಕೊಂದು; ಒಂದೊಂದಕ್ಕೂ ಬೇರೆ ಮರ, ಬೇರೆ ಸೀಳು, ಬೇರೆ ಬಿಸಿಲು.

“ಬರೇ ಕಟ್ಗೆ ತಾ ಅಂದ್ರೆ ಎಂತ ತರೂದು ಒಡೆಯಾ? ಅಂಗಡಿಗೆ ಹೋಗಿ ಅರಿವೆ ಕೊಡು ಅಂದಾಂಗಾತು. ತೊಟ್ಲಿಗೊ, ಚಟ್ಟಕ್ಕೊ?”

ಮುಟ್ಟಳ್ಳಿಯ ಮೇಲಿನ ಗುಡ್ಡದಂಚಿನಿಂದ ಹೊರೆ ಹೊತ್ತು ತಂದು ಮಾರುವವಳು. ಕತ್ತು ಕಾಣದಷ್ಟು ಮಣಿಸರ. ಎರಡು ಸೀಳುಗಳನ್ನು ಕಿವಿಯ ಬಳಿ ಹಿಡಿದು ಒಂದಕ್ಕೊಂದು ಬಡಿದು, ಸದ್ದಿನಿಂದಲೇ ಮರದ ಹೆಸರನ್ನೂ ಅದು ಒಣಗಿದ ತಿಂಗಳನ್ನೂ ಹೇಳುವಳು. ತಾನು ಕಡಿಯದ ಕಟ್ಟಿಗೆಯನ್ನು ಯಾರ ಮನೆಗೂ ಹಾಕಿದವಳಲ್ಲ.

ಯುದ್ಧಕಾಲದ ಒಂದು ಆಷಾಢದಲ್ಲಿ ಆ ಕಟ್ಟಳೆಯನ್ನು ಮುರಿಸಿದವನು ನಾನು. ಹೆಂಡತಿ ಸುಮತಿ ಹೆತ್ತು ಐದು ದಿನ; ಮನೆಯಲ್ಲಿ ಒಣ ಕಡ್ಡಿಯಿಲ್ಲ, ಗಣಪಿಯ ಅಟ್ಟವೂ ಬರಿದು. “ಎಲ್ಲಿಂದಾದರೂ ತಾ” ಎಂದು ಜೀವ ತಿಂದೆ. ಅವಳು ದುರ್ಗಪ್ಪನೆಂಬ ಕಟ್ಟಿಗೆಯವನಲ್ಲಿ ತೊಗಟೆ ಸುಲಿದು ಗುರುತು ಸಿಗದ ಒಂದು ಹೊರೆಯನ್ನು ಅವಸರದಲ್ಲಿ ಬಡಿದು ನೋಡದೆ ಕೊಂಡು, ಸಂಜೆ ನಮ್ಮ ಅಂಗಳದಲ್ಲಿ ಇಳಿಸಿಹೋದಳು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ನಾಗಮ್ಮ ಬಚ್ಚಲೊಲೆ ಹಚ್ಚಿ ಕೂತಿದ್ದರು. ಸುಮತಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಅಷ್ಟರಲ್ಲಿ, ಅಂಗಳದಿಂದ ಈಚೆ ಎಂದೂ ಕಾಲಿಡದ ಗಣಪಿ ಮಳೆಯಲ್ಲಿ ತೊಯ್ದು ಓಡಿಬಂದವಳೇ ಬಚ್ಚಲಿಗೆ ನುಗ್ಗಿದಳು.

“ಹೊಯ್, ಹುಚ್ಚು ಹಿಡೀತೆ ಹೆಣ್ಣೆ? ಮಡಿಯೆಲ್ಲ ಹಾಳಾತು!” ಎಂದು ಚಿಕ್ಕಮ್ಮ ಕೂಗಿದರು.

“ಮಡಿ ಆಮೇಲೆ ನೋಡ್ಕಳಿ ಅಮ್ಮಾ. ಕೂಸು ಆಚೆ ತಕ್ಕಂಡು ಹೋಗಿ. ಹೊಲಗೇರು ಇದು!”

ಹೊಲಗೇರೆಂಬ ಕಾಡುಮರದ ಸೊನೆ ತಾಗಿದಲ್ಲಿ ಚರ್ಮ ಬೆಂದು ಬೊಬ್ಬೆಯೇಳುತ್ತದೆ, ಅದರ ಹೊಗೆಯೂ ಕಣ್ಣು ಮೈ ಸುಡದೆ ಬಿಡುವುದಿಲ್ಲ. ಹೊರೆ ಹೊತ್ತ ಅವಳ ಕತ್ತು ರಾತ್ರಿ ಕಳೆಯುವುದರೊಳಗೆ ಬಾತು ಉರಿಯತೊಡಗಿತ್ತು. ಅದರಿಂದಲೇ ಅವಳಿಗೆ ತಿಳಿದದ್ದು. ಈಗ ಬರಿಗೈಯಲ್ಲಿ ಉರಿಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಮಳೆಗೆ ಎಸೆಯುತ್ತಿದ್ದಳು.

“ತಪ್ಪು ದುರ್ಗಪ್ಪನದು” ಎಂದೆ.

“ಅಲ್ದ ಒಡೆಯಾ. ಅಂವ ಕೊಟ್ಟ, ಹೊತ್ತವಳು ನಾನು. ನಿಮ್ಮನೆಗೆ ಬಂದದ್ದು ಗಣಪಿ ಕಟ್ಗೆ.”

ಮಡಿಗಾಗಿ ಕೂಗಿದ ನಾಗಮ್ಮನೇ ಆ ಸುಟ್ಟ ಅಂಗೈಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದರು. ಒಲೆಯ ಮುಂದೆ ಕೂತಿದ್ದ ಅವರ ಕಣ್ಣು ಮೂರು ದಿನ ಬಾತುಕೊಂಡಿತ್ತು. ಕೂಸಿಗೆ ಏನೂ ಆಗಲಿಲ್ಲ.

ಗಣಪಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೂಸಿನ ಮೈಯಲ್ಲಿ ಬೊಬ್ಬೆ ಎದ್ದರೂ ದೃಷ್ಟಿಯಾಯಿತೆಂದು ನಾವು ಉಪ್ಪು ನಿವಾಳಿಸುತ್ತಿದ್ದೆವು. ಹೊರೆ ಇಳಿಸಿದೊಡನೆ ಹೊಣೆಯೂ ಇಳಿಯಿತೆನ್ನುವವರೇ ಲೋಕದಲ್ಲಿ ಹೆಚ್ಚು. ಅಲ್ಲೊಬ್ಬರು ಇಲ್ಲೊಬ್ಬರು ಮಾತ್ರ, ತಾವು ಕೊಟ್ಟದ್ದು ಪರರ ಒಲೆಯಲ್ಲಿ ಬೂದಿಯಾಗುವ ತನಕ ಅದರ ಜೊತೆಗೇ ಇರುತ್ತಾರೆ.