ಕೀಲೆಣ್ಣೆ ಮನೆಯವರು

ಆ ಊರಿನ ನೆತ್ತಿಯ ಮೇಲೆ ಆಕಾಶವಿರಲಿಲ್ಲ, ಕಾಂಕ್ರೀಟ್ ಚಾವಣಿಯಿತ್ತು. ಹೊರಗಿನ ಗಾಳಿ ವಿಷವಾದ ಕಾಲಕ್ಕೆ ಹಿರಿಯರು ನೆಲದಡಿ ಇಳಿದು, ಬೆಟ್ಟದಂಥ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿದ್ದರು. ಅಂದಿನಿಂದ ಅದನ್ನು ತೆರೆದವರಿಲ್ಲ. ಆದರೂ ಅದರ ಕೀಲುಗಳಿಗೆ ವಾರವಾರವೂ ಎಣ್ಣೆ ಬೀಳುತ್ತಿತ್ತು. ಆ ಕೆಲಸ ಒಂದೇ ಮನೆತನದ್ದು. ಜನ ಅವರನ್ನು 'ಕೀಲೆಣ್ಣೆ ಮನೆಯವರು' ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವರಿಗೇನು ಗೊತ್ತು! ಆ ಮನೆಯ ಅತ್ತೆಗೆ ಅದೇ ಪೂಜೆ. "ತೆರೆಯೋ ದಿನ ಬರಲಿ, ಅಲ್ಲೀತನಕ ತುಕ್ಕು ಹತ್ತದಿರಲಿ" ಎಂದು ಒಂದೊಂದು ಕೀಲಿಗೂ ಹೇಳಿ ಎಣ್ಣೆ ಹಚ್ಚುವಳು.

ಸೊಸೆಯದು ಬಾಯಿ ಜೋರು. "ತೆರೀದೇ ಇರೋ ಬಾಗಿಲಿಗೆ ಇಷ್ಟೊಂದು ಎಣ್ಣೆ! ನನ್ನ ತಲೆಗೆ ಹಚ್ಚಿದ್ರೆ ಕೂದಲಾದ್ರೂ ಬೆಳೀತಿತ್ತು, ಅತ್ತೆ."

"ನಾನು ಕಣ್ಣು ಮುಚ್ಚೋತನಕ ಡಬ್ಬಿ ಮುಟ್ಟಿದ್ಯೋ, ನೋಡು!" ಎಂದು ಅತ್ತೆ ಗದರುವಳು.

ಆದರೆ ಅತ್ತೆಯ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಮಂಡಿ ಕೈಕೊಟ್ಟ ಮೇಲೆ ಅವಳು ಏಣಿ ಹತ್ತಿರಲಿಲ್ಲ. ಕೆಳಗಿನ ಕೀಲುಗಳನ್ನು ಮುಗಿಸಿ, ಮೇಲಿನದಕ್ಕೂ ಹಚ್ಚಿ ಬಂದೆ ಎನ್ನುತ್ತಿದ್ದಳು. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ಬಿಗುಮಾನ.

ಒಂದು ಬೆಳಿಗ್ಗೆ ಗಾಳಿ ಪರೀಕ್ಷೆಯವರು ಬೀದಿಬೀದಿ ಕೂಗಿಕೊಂಡು ಬಂದರು: "ಹೊರಗಿನ ಗಾಳಿ ಶುದ್ಧವಾಗಿದೆ! ಬಾಗಿಲು ತೆಗೀತೀವಿ, ಬನ್ನಿ!"

ಊರಿಗೆ ಊರೇ ನೆರೆಯಿತು. ಅತ್ತೆ ಬಾಗಿಲ ಬಳಿ ಬಂದು ತಲೆ ತಗ್ಗಿಸಿ ನಿಂತಳು. ಮೇಲಿನ ಕೀಲು ತುಕ್ಕು ತಿಂದು ಬಿಗಿದುಕೊಂಡಿದ್ದರೆ? ಅಯ್ಯೋ, ತಲೆಮಾರುಗಳ ಪೂಜೆ ತನ್ನೊಬ್ಬಳಿಂದ ಮಣ್ಣುಪಾಲು!

ಜನ ಸರಪಳಿ ಹಿಡಿದು ಜಗ್ಗಿದರು. ಅತ್ತೆ ಕಣ್ಣು ಮುಚ್ಚಿಕೊಂಡಳು. ಕಿರ್ ಎಂಬ ಸದ್ದೂ ಇಲ್ಲದೆ ಬಾಗಿಲು ತೆರೆದುಕೊಂಡಿತು. ಬಿಸಿಲು ಒಳಗೆ ನುಗ್ಗಿತು. ಜನ ಅಳುತ್ತ, ನಗುತ್ತ, ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು.

ಅತ್ತೆ ಕಣ್ಣು ಬಿಟ್ಟು ಮೊದಲು ನೋಡಿದ್ದು ಮೇಲಿನ ಕೀಲನ್ನು. ಹೊಸ ಎಣ್ಣೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೊಸೆ ತುಟಿ ಕಚ್ಚಿಕೊಂಡು ನಿಂತಿದ್ದಳು.

"ಯಾವಾಗ ಹತ್ತಿದ್ಯೇ?"

"ನೀವು ಮಧ್ಯಾಹ್ನ ಮಲಗಿದಾಗೆಲ್ಲ. ನಿಮ್ಮ ಮಂಡಿ ಸಂಗತಿ ನನಗೆ ಗೊತ್ತಿಲ್ವೇ? ಹಚ್ಚುವಾಗ ನಿಮ್ಮ ಮಾತನ್ನೂ ಹೇಳ್ತಿದ್ದೆ. ಮೊದಮೊದಲು ನಂಬಿಕೆ ಇರ್ಲಿಲ್ಲ ಅತ್ತೆ. ಹೇಳ್ತಾ ಹೇಳ್ತಾ ಬಂತು."

ಅಷ್ಟರಲ್ಲಿ ಊರ ಹಿರಿಯ ಓಡಿಬಂದ. "ಏನಮ್ಮಾ ನಿಮ್ಮ ಕೈಗುಣ! ಬಾಗಿಲು ಬೆಣ್ಣೆ ಹಾಗೆ ತಿರುಗಿತಲ್ಲ!"

ಅತ್ತೆ ಸೊಸೆಯ ಜಿಡ್ಡುಗೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

"ನಂದಲ್ಲಪ್ಪ! ಮಂಡಿ ಹೋದ್ಮೇಲೆ ನಾನು ಮೇಲೆ ಹತ್ತೇ ಇಲ್ಲ. ಸುಳ್ಳು ಹೇಳ್ಕೊಂಡು ತಿರುಗ್ತಿದ್ದೆ. ಈ ಕೈ ನೋಡಿ, ಇದು ತೆರೆಸಿದ್ದು. ನನ್ನ ಸೊಸೆ ಇವಳು, ನನ್ನ ಸೊಸೆ!"