ಎಡಕ್ಕೆ ಎಳೆಯುವ ಕಾರು

ಏಳು ಸೀಟಿನ ಕಾರದು. ಕ್ಯಾಲನೂರಿಂದ ವೇಮಗಲ್ ಫ್ಯಾಕ್ಟರಿಗೆ ಹನ್ನೊಂದು ಜನ ಹೆಂಗಸರು ಅದರಲ್ಲಿ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆ ಮೇಲೆ ಇನ್ನೊಬ್ಬರು. ಒಬ್ಬರು ಕೆಮ್ಮಿದರೆ ಸಾಲೆಲ್ಲ ಅಲ್ಲಾಡಬೇಕು. ಫ್ಯಾಕ್ಟರಿಯಲ್ಲಿ ನಮ್ಮ ಕೆಲಸ ಹೊಸ ಕಾರುಗಳಿಗೆ ಹಾಕೋ ವೈರುಗಳನ್ನು ಜೋಡಿಸಿ ಕಟ್ಟೋದು. ಆ ಕಾರುಗಳಲ್ಲಿ ಕೂರುವವರಿಗೆ ಏನೂ ಆಗಬಾರದು ನೋಡಿ, ಅದಕ್ಕೆ ಒಂದೊಂದು ವೈರನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ನಮ್ಮನ್ನು ಹೊತ್ತು ತರುವ ಕಾರನ್ನು ಮಾತ್ರ ಯಾರೂ ಬಗ್ಗಿ ನೋಡಿದವರಲ್ಲ.

ಕಾರು ಚಂದ್ರಮೋಹನ್ ಸಾರ್ ಅವರದು. ಫ್ಯಾಕ್ಟರಿಗೆ ಕೆಲಸದವರನ್ನು ಸಾಗಿಸೋ ಕಂಟ್ರಾಕ್ಟು ಅವರಿಗೇ ಸಿಕ್ಕಿತ್ತು. ಡ್ರೈವರ್ ಮುನೇಶ ನಮ್ಮೂರಿನವನು.

ಯುಗಾದಿ ಕಳೆದ ಮೇಲೆ ಕಾರು ಎಡಕ್ಕೆ ಎಳೆಯೋಕೆ ಶುರುವಾಯಿತು. ಮುನೇಶ ಸ್ಟೇರಿಂಗ್ ತಿರುಗಿಸಿದರೂ ಚಕ್ರ ಒಂದಿಷ್ಟು ಹೊತ್ತು ಕೇಳಿಸದವರಂಗೆ ಇರುತ್ತಿತ್ತು. ಆಮೇಲೆ ಏಕಾಏಕಿ ತಿರುಗುತ್ತಿತ್ತು. ಹಳ್ಳ ಸಿಕ್ಕರೆ ಕೆಳಗಿಂದ ಕಟಕಟ ಸದ್ದು. ಮುನೇಶ ಹೋಗಿ ಸಾರ್‌ಗೆ ಹೇಳಿದ. ರಾತ್ರಿ ಎಷ್ಟು ಹಾಕಿದ್ದೆ ಅಂತ ಸಾರ್ ಕೇಳಿದರಂತೆ. ಮುನೇಶ ಕುಡಿಯೋನಲ್ಲ. ಹಾಗಾದರೆ ಕಣ್ಣಿನ ದೋಷ ಅಂದು ಕೋಲಾರಕ್ಕೆ ಕಣ್ಣಿನ ಡಾಕ್ಟ್ರ ಹತ್ತಿರ ಕಳಿಸಿದರು. ಕಣ್ಣು ಚೆನ್ನಾಗಿದೆ ಅಂದರು ಡಾಕ್ಟ್ರು. ಸಾರ್‌ಗೆ ಬೇಜಾರಾಯಿತು.

ಹಾಗಂತ ಅವರು ಸುಮ್ಮನೆ ಕೂರಲಿಲ್ಲ. ಹೊಸ ಹಾರನ್ ಹಾಕಿಸಿದರು. ಸೀಟಿಗೆ ಹೂವಿನ ಕವರ್ ಹೊಲಿಸಿದರು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಕಾರು ಮದುವಣಗಿತ್ತಿ ತರ ಆಯಿತು, ಎಡಕ್ಕೆ ಎಳೆಯೋದು ನಿಲ್ಲಲಿಲ್ಲ.

ಒಂದು ಸಂಜೆ ಶಿಫ್ಟ್ ಮುಗಿಸಿ ಬರುತ್ತಿದ್ದೆವು. ಎದುರಿಗೆ ಟೊಮೇಟೊ ಲಾರಿ ಬಂತು. ಮುನೇಶ ಪಕ್ಕಕ್ಕೆ ತಿರುಗಿಸಿದ. ಚಕ್ರ ಎಡಕ್ಕೆ ತಿರುಗಿತು, ವಾಪಸ್ ಬರಲಿಲ್ಲ. ಕಾರು ರಸ್ತೆ ಬಿಟ್ಟು ಇಳಿದು ಹಿಪ್ಪುನೇರಳೆ ತೋಟದ ಬದುವಿಗೆ ತಾಗಿ ನಿಂತಿತು. ಸಾವಿತ್ರಿಯ ಹಣೆ ಒಡೆಯಿತು. ನನ್ನ ಮೊಣಕೈ ಇವತ್ತಿಗೂ ಪೂರ್ತಿ ಮಡಚೋಕಾಗಲ್ಲ. ಮುನೇಶನ ಕೈ ಸ್ಟೇರಿಂಗಿಗೆ ಅಂಟಿಕೊಂಡಂಗಿತ್ತು, ಬಿಡಿಸೋಕೆ ಬರಲಿಲ್ಲ. ನಮ್ಮಲ್ಲಿ ಹಿರಿಯಳು ದೊಡ್ಡಮುನಿಯಮ್ಮ. ಅವಳೇ ಒಂದೊಂದು ಬೆರಳಾಗಿ ಬಿಡಿಸಿದಳು.

ಕಾರನ್ನು ತಳ್ಳಿ ರಸ್ತೆಗೆ ಹತ್ತಿಸಿ ನಿಧಾನವಾಗಿ ವೇಮಗಲ್‌ಗೆ, ಮೆಕ್ಯಾನಿಕ್ ಜಬೀವುಲ್ಲಾ ಅಣ್ಣನ ಶೆಡ್ಡಿಗೆ ತಂದೆವು. ಅಣ್ಣ ಮೊದಲು ಟೈರಿನ ಗಾಳಿ ನೋಡಿದ, ಸರಿಯಿತ್ತು. ಜಾಕ್ ಕೊಟ್ಟು ಮುಂಭಾಗ ಎತ್ತಿ, ಚಕ್ರವನ್ನು ಎರಡು ಕಡೆ ಹಿಡಿದು ಅಲ್ಲಾಡಿಸಿದ. ಗಡಗಡ ಅಂತು. ಮುನೇಶನಿಗೆ ಸ್ಟೇರಿಂಗ್ ಆಡಿಸು ಅಂದು ತಾನು ಕೆಳಗೆ ಮಲಗಿದ. ನನ್ನನ್ನೂ ಬಗ್ಗಿ ನೋಡು ಅಂದ. ಎರಡು ಚಕ್ರಗಳ ನಡುವೆ ಉದ್ದಕ್ಕೆ ಒಂದು ಕೊಳವೆ. ಸ್ಟೇರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸೋದು ಅದೇ, ಹೆಸರು ರ‍್ಯಾಕ್. ಅದರ ತುದಿಯ ರಬ್ಬರ್ ಹರಿದುಹೋಗಿತ್ತು. ಒಳಗೆಲ್ಲ ಕೆಸರು, ಮರಳು. ಅದರ ಹಲ್ಲು ಸವೆದಿದೆ, ಪೂರ್ತಿ ಬದಲಾಯಿಸಬೇಕು ಅಂದ ಅಣ್ಣ.

ಮುನೇಶ ಫೋನ್ ಮಾಡಿದ. ಸಾರ್ ತಮ್ಮ ಕಾರಲ್ಲಿ ಬಂದಿಳಿದರು. ಸಾವಿತ್ರಿಯ ಹಣೆ ಕಡೆ ನೋಡಲಿಲ್ಲ, ಬಂಪರ್ ಕಡೆ ನೋಡಿದರು. ಹೊಸ ರ‍್ಯಾಕ್ ಎಲ್ಲೂ ಸಿಗಲ್ಲ, ಗ್ರೀಸ್ ತುಂಬಿ ನಟ್ಟು ಬಿಗಿ ಮಾಡು ಸಾಕು ಅಂದರು.

"ಬಿಗಿ ಮಾಡಿದ್ರೆ ತಿರುವಲ್ಲಿ ಹಿಡ್ಕೊಂಡುಬಿಡುತ್ತೆ ಸಾರ್. ವಾಪಸ್ ಬರಲ್ಲ," ಅಂದ ಜಬೀವುಲ್ಲಾ ಅಣ್ಣ.

ನಿಮ್ಮದೆಲ್ಲ ಪಾರ್ಟ್ಸ್ ಮಾರೋ ಬುದ್ಧಿ, ಕಾರು ಗುಂಡುಕಲ್ಲಿನಂಗಿದೆ, ಓಡಿಸೋನ ಕೈ ಸರಿಯಿಲ್ಲ ಅಂತ ಸಾರ್ ಹೇಳುತ್ತಾ ಹೋದರು. ಮುನೇಶ ತಲೆ ತಗ್ಗಿಸಿ ನಿಂತಿದ್ದ. ದೊಡ್ಡಮುನಿಯಮ್ಮ ಅವನ ಕೈಯಿಂದ ಕೀ ತಗೊಂಡು ಸಾರ್ ಮುಂದೆ ಹಿಡಿದಳು.

"ಹಂಗಾದ್ರೆ ನೀವೇ ಓಡ್ಸಿ ಸಾರ್. ಕ್ಯಾಲನೂರು ಗಂಟ ಬನ್ನಿ. ನಾವೆಲ್ಲ ಹಿಂದೆ ಕೂತ್ಕೊಂತೀವಿ."

ಸಾರ್ ಗಡಿಯಾರ ನೋಡಿಕೊಂಡರು. ಕೋಲಾರದಲ್ಲಿ ಮೀಟಿಂಗ್ ಇದೆ ಅಂದರು. ಕ್ಯಾಲನೂರು ದಾರಿಯಲ್ಲೇ ಅಲ್ವಾ ಸಾರ್ ಅಂದಳು ಅವಳು. ಸಾರ್ ಕೀ ಮುಟ್ಟಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಹೋದರು. ಅಷ್ಟು ದಿನ ಮುನೇಶನ ಕೈಯದೇ ತಪ್ಪಿರಬಹುದಾ ಅಂತ ನಮ್ಮಲ್ಲೂ ಕೆಲವರಿಗೆ ಅನುಮಾನವಿತ್ತು. ಆ ಒಂದು ಹೆಜ್ಜೆಗೆ ಅದೆಲ್ಲ ಹೋಯಿತು.

ನಾವು ಬಸ್ಸಿಗೆ ಊರು ಸೇರಿದೆವು. ಮರುದಿನ ಸಾರ್ ಅದೇ ಕಾರನ್ನು ಗ್ರೀಸ್ ತುಂಬಿಸಿ ಕಳಿಸಿದರು. ಹನ್ನೊಂದು ಜನರಲ್ಲಿ ಒಬ್ಬರೂ ಹತ್ತಲಿಲ್ಲ. ವೈರು ಕಟ್ಟೋರಿಲ್ಲದೆ ಫ್ಯಾಕ್ಟರಿಯಲ್ಲಿ ನಮ್ಮ ಲೈನ್ ನಿಂತಿತು. ಮ್ಯಾನೇಜರಿಂದ ಸಾರ್‌ಗೆ ಫೋನ್ ಹೋಯಿತು. ಎಲ್ಲೂ ಸಿಗಲ್ಲ ಅಂತಿದ್ದ ರ‍್ಯಾಕ್ ಮಧ್ಯಾಹ್ನದೊಳಗೆ ಬೆಂಗಳೂರಿಂದ ಬಂದಿಳಿಯಿತು.

ಜಬೀವುಲ್ಲಾ ಅಣ್ಣ ಹಳೇದನ್ನು ಬಿಚ್ಚಿ ಹೊಸದನ್ನು ಕೂರಿಸಿದ, ಕೋಲಾರಕ್ಕೆ ಕಳಿಸಿ ಚಕ್ರಗಳನ್ನು ನೇರ ಮಾಡಿಸಿದ. ಸಾರ್ ಹೊಸ ರ‍್ಯಾಕನ್ನು ಮಗುವಿನಂಗೆ ಎತ್ತಿಕೊಂಡು ಫೋಟೊ ಹೊಡೆಸಿಕೊಂಡಿದ್ದರು. ಮುಂದಿನ ವಾರ ಫ್ಯಾಕ್ಟರಿಯವರು ಸಭೆ ಮಾಡಿ, ಕಾರ್ಮಿಕರ ಸುರಕ್ಷತೆಗೆ ದುಡಿದವರು ಅಂತ ಅವರಿಗೆ ಶಾಲು ಹೊದಿಸಿದರು. ಸಾವಿತ್ರಿಯನ್ನು ಚಪ್ಪಾಳೆಗೆ ಮುಂದಿನ ಸಾಲಿನಲ್ಲೇ ಕೂರಿಸಿದ್ದರು, ಹಣೆಗೆ ಪ್ಲಾಸ್ಟರ್ ಸಮೇತ.

ಮಾರನೇ ಬೆಳಿಗ್ಗೆ ಕಾರು ಬಂದಾಗ ಸ್ಟೇರಿಂಗ್ ಹಿಂದೆ ಹೊಸಬನೊಬ್ಬನಿದ್ದ. ಮಾಲೂರಿನವನು, ಹೆಸರು ವೆಂಕಟ್. ಮುನೇಶನ್ನ ತೆಗೆದುಹಾಕಿದ್ದಾರೆ, ಹೆಂಗಸರನ್ನು ಎತ್ತಿಕಟ್ಟಿದ ಅಂತ ಸಾರ್ ಹೇಳಿದರು ಅಂದ. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಬಾಗಿಲು ತೆಗೆದೇ ಇತ್ತು. ಯಾರೂ ಕಾಲಿಡಲಿಲ್ಲ. ವೆಂಕಟ್ ಸಾರ್‌ಗೆ ಫೋನ್ ಮಾಡಿದ. ದೊಡ್ಡಮುನಿಯಮ್ಮ ಕೈ ಚಾಚಿ ಫೋನು ಇಸ್ಕೊಂಡಳು. ಆ ಕಡೆಯಿಂದ ಸಾರ್ ಕೂಗಾಡುವುದು ನಮಗೂ ಕೇಳುತ್ತಿತ್ತು. ಮುಗಿಯುವ ತನಕ ಕಾದಳು.

"ಕಾರು ನೆಟ್ಟಗಾಯ್ತು ಸಾರ್. ಇನ್ನು ನೀವು ಬಾಕಿ. ಮುನೇಶನ್ನ ಕಳ್ಸಿ, ಬರ್ತೀವಿ."

ಫೋನು ವಾಪಸ್ ಕೊಟ್ಟು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಳು. ನಾವೂ ಕೂತೆವು. ವೆಂಕಟ್ ಎಂಜಿನ್ ಆಫ್ ಮಾಡಿ ಇಳಿದು ಬಂದು ನಮ್ಮ ಪಕ್ಕ ಕೂತ.