ಕುಡಿದು ತೋರಿಸುವ ನೀರು

“ಎತ್ತೇ ಮುದುಕಿ, ಎತ್ತು! ಇದೇನು ನಿಮ್ಮಪ್ಪನ ತಿಪ್ಪೆನಾ?”

ಮ್ಯಾನೇಜರ್ ಹೀಗೆ ಕೂಗಿದ್ದು ನನ್ನ ಅವ್ವನಿಗೆ. ಬೆಳಿಗ್ಗೆ ನಾನು ಮರೆತು ಬಂದಿದ್ದ ಬುತ್ತಿಯನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದಳು. ಬುತ್ತಿ ನನ್ನ ಕೈಗಿಡುವಾಗ ಕವರು ಗಾಳಿಗೆ ಹಾರಿ, ಮೈಕಿನ ಮುಂದೆ ನಿಂತಿದ್ದ ಮಾಲಿನ್ಯ ಇಲಾಖೆಯ ಸಾಹೇಬರ ಬೂಟಿನಡಿ ಸಿಕ್ಕಿಕೊಂಡಿತು. ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲಿ ಅವತ್ತು ಪರಿಸರ ದಿನ. ಕುರ್ಚಿ ತುಂಬಲೆಂದು ನಮ್ಮ ಬೀದಿಯವರನ್ನೆಲ್ಲ ಕರೆತಂದು ಕೂರಿಸಿದ್ದರು.

ಅವ್ವ ಹೋಗಿ ಬಗ್ಗಿದಳು. ಸಾಹೇಬರು ಕಾಲೆತ್ತುವವರೆಗೂ ಬಗ್ಗಿಯೇ ಇದ್ದಳು. ಯಾರೋ ಕಿಸಕ್ಕನೆ ನಕ್ಕರು.

“ನೋಡಿ,” ಸಾಹೇಬರು ಮೈಕಿನಲ್ಲಿ ಅಂದರು, “ಎಲ್ಲದಕ್ಕೂ ಸರ್ಕಾರ, ಕಾರ್ಖಾನೆ ಅಂತ ಬೆರಳು ತೋರಿಸ್ತೀರಿ. ನಿಮ್ಮ ನಿಮ್ಮ ಮನೆ ಮೊದಲು ಸರಿಯಾಗ್ಲಿ. ಹಳ್ಳ ಹಾಳಾಗಿದ್ದು ಇಂಥ ಕವರಿಂದಾನೇ. ಅದನ್ನ ಮೇಲೆತ್ತಿ ಹಿಡ್ಕೊಂಡು ಅಲ್ಲೇ ನಿಂತ್ಕೊಳಮ್ಮ, ಎಲ್ಲರೂ ನೋಡ್ಲಿ.”

ಅವ್ವ ಎತ್ತಿ ಹಿಡಿದು ನಿಂತಳು. ಹಳ್ಳದಲ್ಲಿ ಊರವರ ಬಟ್ಟೆ ಒಗೆದು ಅವಳ ಬೆರಳ ಸಂದಿಗಳೆಲ್ಲ ಬಿರಿದು ಹುಣ್ಣಾಗಿವೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವಳು ನನ್ನ ತಾಯಿ ಎನ್ನಲು ಬಾಯಿ ಬರಲಿಲ್ಲ. ಬುತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಥೂ, ಹೇಳಲೂ ನಾಚಿಕೆಯಾಗುತ್ತದೆ.

ಏಕೆಂದರೆ ಆ ಹಳ್ಳಕ್ಕೆ ಬಣ್ಣದ ನೀರು ಬಿಡುವವನು ನಾನೇ. ನೀರು ಶುದ್ಧ ಮಾಡುವ ಯಂತ್ರ ಓಡುವುದು ಸಾಹೇಬರು ಬರುವ ಹೊತ್ತಿಗೆ ಮಾತ್ರ. ದಿನಾ ಬೆಳಗಿನ ಪಾಳಿಯಲ್ಲಿ ಹಿಂದಿನ ಗೋಡೆಯ ಪೈಪಿನ ವಾಲ್ವ್ ತಿರುಗಿಸುವುದು ನನ್ನ ಕೆಲಸ. ಇಲ್ಲಿ ಮೂಟೆ ಹೊರುತ್ತೇನೆಂದು ಅವ್ವನಿಗೆ ಹೇಳಿದ್ದೇನೆ. ಹಳ್ಳ ಕೆಂಪಾದ ದಿನ ಅವಳು ಒಗೆದದ್ದನ್ನೇ ಮತ್ತೆ ಒಗೆಯುತ್ತ ಶಪಿಸುತ್ತಾಳೆ: “ಯಾವ ಬೇವರ್ಸಿ ಬಿಡ್ತಾನೋ, ಅವನ ಕೈಗೆ ಹುಳ ಬೀಳ!” ಸಂಜೆ ನನಗೆ ಬಡಿಸುತ್ತಾಳೆ. ನಾನು ಅದೇ ಕೈಯಲ್ಲಿ ಉಣ್ಣುತ್ತೇನೆ.

“ಲೇ ಮೂಗ, ನೀರು ತಾರೋ!” ಮ್ಯಾನೇಜರ್ ಕರೆದ. ಮಾತು ಕಡಿಮೆಯಾದ್ದರಿಂದ ಕಾರ್ಖಾನೆಯಲ್ಲಿ ನನ್ನ ಹೆಸರು ಅದೇ.

ಸಾಹೇಬರು ಬಂದಾಗಲೆಲ್ಲ ಹೀಗೆಯೇ. ಯಂತ್ರದಲ್ಲಿ ಶುದ್ಧವಾದ ನೀರೆಂದು ಮ್ಯಾನೇಜರ್ ಎಲ್ಲರೆದುರು ಒಂದು ಲೋಟ ಗಟಗಟ ಕುಡಿದು ತೋರಿಸುತ್ತಾನೆ. ಅದನ್ನು ನಾನು ತುಂಬುವುದು ಆಫೀಸಿನ ಫಿಲ್ಟರಿನಿಂದ.

ಅವತ್ತೂ ತುಂಬಿದೆ. ಕಿಟಕಿಯಾಚೆ ಅವ್ವ ಇನ್ನೂ ಕವರು ಹಿಡಿದೇ ನಿಂತಿದ್ದಳು. ಸೋತ ಕೈಯಿಂದ ಇನ್ನೊಂದು ಕೈಗೆ ಅದನ್ನು ಬದಲಿಸಿದಳು. ಲೋಟದ ನೀರನ್ನು ಚೆಲ್ಲಿ ಗೋಡೆಯ ಹಿಂದಕ್ಕೆ ಹೋದೆ. ಅಲ್ಲಿನ ಗುಂಡಿಯಲ್ಲಿ ಬೆಳಿಗ್ಗೆ ಬಿಟ್ಟ ನೀರು ಉಳಿದಿತ್ತು. ಲೋಟ ಮುಳುಗಿಸಿ ತುಂಬಿಕೊಂಡೆ.

ಮೇಜಿನ ಮೇಲೆ ತಂದಿಟ್ಟೆ. ಕಡುಗೆಂಪು, ಮೇಲೆ ನೊರೆ.

“ಏನೋ ಇದು, ಬೋಳಿಮಗನೆ?” ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಹಳ್ಳಕ್ಕೆ ಬಿಡೋ ನೀರು. ಕುಡೀರಿ ಸಾರ್. ಎಲ್ಲರೂ ನೋಡ್ಲಿ.”

ಸಾಹೇಬರು ಮೈಕು ಆರಿಸಿದರು. ಕಾವಲಿನವರಿಬ್ಬರು ನನ್ನ ತೋಳು ಹಿಡಿದೆಳೆದರು.

“ಬಿಡ್ರೋ ನನ್ ಮಗನ್ನ!” ಅವ್ವ ಕವರು ಎಸೆದು ಓಡಿ ಬಂದಳು. “ಅವನೇನ್ರೋ ಮಾಡಿದ್ದಾನೆ?”

“ದಿನಾ ನೀರು ಬಿಡೋದು ನಾನೇ ಕಣವ್ವಾ.”

ನನ್ನನ್ನು ಹಿಡಿಯಲು ಚಾಚಿದ್ದ ಅವಳ ಕೈ ಅಲ್ಲೇ ನಿಂತಿತು. ನನ್ನ ಕೈ ಮಣಿಕಟ್ಟಿನವರೆಗೂ ಕೆಂಪಾಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಮೇಜಿನ ಮೇಲಿನ ಲೋಟವನ್ನು ಯಾರೂ ಮುಟ್ಟಲಿಲ್ಲ.